ಎಟಿಎಂನಲ್ಲಿ ನಿಮ್ಮ ಕಾರ್ಡಿನ ಗುಟ್ಟು ಕಾಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳ ಮೊದಲ ವಾರ ಯಾವ ಊರಿನ ಎಟಿಎಂ ಮುಂದೆಯಾದರೂ ಸ್ವಲ್ಪ ಹೊತ್ತು ನಿಂತು ನೋಡಿ. ಪಿಂಚಣಿಗೆ ಬಂದ ಹಿರಿಯರು, ಸಂಬಳ ತೆಗೆಯಲು ಬಂದವರು, ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾಗಿದೆಯೇ ಎಂದು ನೋಡಲು ಬಂದ ಹೆಂಗಸರು. ಅವರಲ್ಲಿ ಒಬ್ಬರಾದರೂ ಕಾರ್ಡನ್ನು ಹಿಂದೆ ನಿಂತವರ ಕೈಗೆ ಕೊಟ್ಟು, ಪಿನ್ ಅನ್ನೂ ಬಾಯಿಬಿಟ್ಟು ಹೇಳಿ, "ಸ್ವಲ್ಪ ತೆಗೆದುಕೊಡಪ್ಪ" ಎನ್ನುತ್ತಾರೆ. ಬ್ಯಾಂಕಿನ ಕೌಂಟರ್ ಹಿಂದೆ ಕೂತು ಬಹಳ ವರ್ಷ ನಾನು ಉತ್ತರಿಸಿದ ಪ್ರಶ್ನೆಗಳು, ನಿವೃತ್ತನಾದ ಮೇಲೂ ನೆರೆಹೊರೆಯವರು ಕೇಳುತ್ತಲೇ ಇರುವ ಪ್ರಶ್ನೆಗಳು ಇಲ್ಲಿವೆ. ಹಣ ಕಳೆದುಕೊಂಡು ಬಂದವರಲ್ಲಿ ಹೆಚ್ಚಿನವರ ಮೊದಲ ಮಾತು "ನನ್ನದೇ ತಪ್ಪು ಸಾರ್" ಎಂದಿರುತ್ತಿತ್ತು. ಎಷ್ಟೋ ಸಲ ತಪ್ಪು ಅವರದಾಗಿರುತ್ತಿರಲಿಲ್ಲ. ಆದರೆ ಮನೆಯವರು ಏನೆನ್ನುವರೋ ಎಂಬ ನಾಚಿಕೆಯಲ್ಲಿ ನಾಲ್ಕೈದು ದಿನ ಯಾರಿಗೂ ಹೇಳದೆ ಕಳೆದಿರುತ್ತಿದ್ದರು. ಅವರಿಗೆ ದುಬಾರಿಯಾಗುತ್ತಿದ್ದದ್ದು ಆ ದಿನಗಳು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಟಿಎಂನಲ್ಲಿ ಕಾಯಬೇಕಾದ "ನನ್ನ ಮಾಹಿತಿ" ಯಾವುದು?

ಕಾರ್ಡಿನ ಮೇಲೆ ಕಾಣುವುದು ಕಾರ್ಡ್ ಸಂಖ್ಯೆ, ಹೆಸರು, ಅವಧಿ ಮುಗಿಯುವ ತಿಂಗಳು ಮತ್ತು ಸಾಮಾನ್ಯವಾಗಿ ಹಿಂಬದಿಯಲ್ಲಿರುವ ಮೂರಂಕಿಯ ಸಿವಿವಿ. ಹಿಂಬದಿಯ ಕಪ್ಪು ಕಾಂತಪಟ್ಟಿಯಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮತ್ತು ಕಾರ್ಡನ್ನು ಪರಿಶೀಲಿಸಲು ಬೇಕಾದ ಕೆಲವು ಸಂಕೇತಗಳು ದಾಖಲಾಗಿರುತ್ತವೆ. ಮುಂಬದಿಯ ಚಿನ್ನದ ಬಣ್ಣದ ಚಿಪ್ ಒಂದು ಪುಟ್ಟ ಕಂಪ್ಯೂಟರ್. ಇವೆಲ್ಲ ಕಾರ್ಡಿನಲ್ಲಿ ಇರುವಂಥವು. ಪಿನ್ ಮಾತ್ರ ನಿಮ್ಮ ತಲೆಯಲ್ಲಿರುವುದು. ಕಳ್ಳನಿಗೆ ಎಟಿಎಂನಿಂದ ನೋಟು ಎಣಿಸಿಕೊಳ್ಳಲು ಎರಡೂ ಬೇಕು. ನಿಮ್ಮ ಖಾತೆಯ ಬಾಕಿ, ನೋಂದಾಯಿತ ಮೊಬೈಲ್ ಸಂಖ್ಯೆ, ಎಷ್ಟು ದಿನಕ್ಕೊಮ್ಮೆ ಎಷ್ಟು ಹಣ ತೆಗೆಯುತ್ತೀರಿ ಎಂಬುದೂ ಮಾಹಿತಿಯೇ. ಮುಂದೆ ಫೋನ್ ಮಾಡಿ ಮೋಸ ಮಾಡುವವರಿಗೆ ಅದು ಬಂಡವಾಳ.

ನನ್ನ ಪಿನ್ ಬ್ಯಾಂಕ್ ಸಿಬ್ಬಂದಿಗೆ ಕಾಣುತ್ತದೆಯೇ?

ಕಾಣುವುದಿಲ್ಲ. ನೀವು ಪಿನ್ ಒತ್ತುವ ಕೀಲಿಮಣೆಯೊಳಗೇ ಅದು ಗೂಢಲಿಪಿಗೆ ತಿರುಗುತ್ತದೆ. ಯಾರಾದರೂ ಆ ಕೀಲಿಮಣೆಯನ್ನು ಬಿಚ್ಚಲು ಹೋದರೆ ಗೂಢಲಿಪಿಯ ಕೀಲಿಗಳನ್ನು ಅದು ತಾನೇ ಅಳಿಸಿಹಾಕುವಂತೆ ತಯಾರಾಗಿರುತ್ತದೆ. ಅಲ್ಲಿಂದ ಗೂಢಲಿಪಿಯಲ್ಲೇ ಹೊರಟು, ಬೇರೆ ಬ್ಯಾಂಕಿನ ಯಂತ್ರವಾದರೆ ಎನ್‌ಪಿಸಿಐ ಎಂಬ ಪಾವತಿ ಸಂಸ್ಥೆ ನಡೆಸುವ ರಾಷ್ಟ್ರೀಯ ಹಣಕಾಸು ಸ್ವಿಚ್ (ಬ್ಯಾಂಕುಗಳ ನಡುವೆ ಕೋರಿಕೆಗಳನ್ನು ಸಾಗಿಸುವ ಜಾಲ) ಮೂಲಕ ಹಾದು, ನಿಮ್ಮ ಬ್ಯಾಂಕನ್ನು ತಲುಪುತ್ತದೆ. ಅಲ್ಲಿಯೂ ಅದನ್ನು ತಾಳೆ ನೋಡುವುದು ಅದಕ್ಕೆಂದೇ ಇರುವ ಬಿಗಿಭದ್ರ ಯಂತ್ರ, ಮನುಷ್ಯರಲ್ಲ. ಶಾಖೆಯ ಮ್ಯಾನೇಜರ್‌ಗೂ ನಿಮ್ಮ ಪಿನ್ ತಿಳಿಯುವ ದಾರಿ ಇಲ್ಲ. ಆದ್ದರಿಂದ "ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ, ದಾಖಲೆಗೆ ತಾಳೆ ನೋಡಲು ಪಿನ್ ಹೇಳಿ" ಎಂದು ಯಾರೇ ಕೇಳಿದರೂ ಆ ಮಾತಿಗೆ ಅರ್ಥವೇ ಇಲ್ಲ. ತಾಳೆ ನೋಡಲು ಆ ಕಡೆ ಯಾರ ಬಳಿಯೂ ನಿಮ್ಮ ಪಿನ್ ಇಲ್ಲ.

ಪಿನ್ ನಾಲ್ಕೇ ಅಂಕಿ ಏಕೆ? ಅದು ಸಾಕೇ?

ಜಗತ್ತಿನ ಮೊದಲ ನಗದು ಯಂತ್ರ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಶುರುವಾಯಿತು. ಅದರ ಹಿಂದಿದ್ದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಅವರು ಆರು ಅಂಕಿ ಇಡೋಣ ಎಂದುಕೊಂಡಿದ್ದರು. ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರದು ಎಂದು ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದರು. ನಮ್ಮ ದೇಶಕ್ಕೆ ಯಂತ್ರ ಬಂದದ್ದು 1987ರಲ್ಲಿ, ಮುಂಬೈಗೆ.

ನಾಲ್ಕು ಅಂಕಿಯಲ್ಲಿ ಆಗುವ ಜೋಡಣೆಗಳು ಹತ್ತು ಸಾವಿರ. ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚಿಕೊಳ್ಳುವುದರಿಂದ ಅದು ಸಾಕಾಗುತ್ತದೆ. ಆದರೆ ಹುಟ್ಟಿದ ಇಸವಿಯನ್ನೋ 1234 ಎಂದೋ ಇಟ್ಟರೆ ಮೂರು ಅವಕಾಶವೇ ಧಾರಾಳ. ಕಾರ್ಡಿನ ಕವರ್ ಮೇಲೆ ಪೆನ್ನಿನಲ್ಲಿ ಪಿನ್ ಬರೆದಿಟ್ಟುಕೊಂಡವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ನೆನಪಿನ ತೊಂದರೆ ಇರುವವರು ಬರೆದಿಡಲೇಬೇಕಾದರೆ ಮನೆಯಲ್ಲಿ, ಕಾರ್ಡಿನಿಂದ ದೂರ, ತಮಗಷ್ಟೇ ತಿಳಿಯುವ ರೀತಿಯಲ್ಲಿ ಬರೆದಿಡಲಿ.

ಕಾರ್ಡ್ ನನ್ನ ಜೇಬಿನಲ್ಲೇ ಇದೆ. ಹಣ ಹೇಗೆ ಹೋಯಿತು?

ಬಹುಶಃ ಸ್ಕಿಮ್ಮಿಂಗ್. ಕಾರ್ಡ್ ತೂರಿಸುವ ಬಾಯಿಯ ಮೇಲೆ ಅದೇ ಬಣ್ಣದ, ಅದೇ ಆಕಾರದ ಇನ್ನೊಂದು ತುಂಡನ್ನು ಅಂಟಿಸಿರುತ್ತಾರೆ. ನಿಮ್ಮ ಕಾರ್ಡ್ ಅದರ ಮೂಲಕ ಹಾದುಹೋಗುವಾಗ ಕಾಂತಪಟ್ಟಿಯಲ್ಲಿರುವುದೆಲ್ಲ ನಕಲಾಗುತ್ತದೆ. ಪಿನ್ ಹಿಡಿಯಲು ಕೀಲಿಮಣೆಯ ಮೇಲ್ಗಡೆ ಒಂದು ಪಟ್ಟಿಯಲ್ಲಿ ಗುಂಡುಸೂಜಿ ತಲೆಯಷ್ಟು ರಂಧ್ರ, ಅದರ ಹಿಂದೆ ಕ್ಯಾಮೆರಾ. ಕೆಲವರು ಕೀಲಿಮಣೆಯ ಮೇಲೆಯೇ ಹುಸಿ ಕೀಲಿಮಣೆ ಹೊದಿಸುತ್ತಾರೆ. ಯಂತ್ರ ಎಂದಿನಂತೆ ಹಣ ಕೊಡುವುದರಿಂದ ನಿಮಗೆ ಅನುಮಾನ ಬರುವುದಿಲ್ಲ. ಕದ್ದ ಮಾಹಿತಿಯನ್ನು ಖಾಲಿ ಕಾರ್ಡೊಂದಕ್ಕೆ ತುಂಬಿ, ಎಷ್ಟೋ ದಿನಗಳ ನಂತರ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಹಣ ತೆಗೆಯುತ್ತಾರೆ. ಹಾಗಾಗಿ "ನಿನ್ನೆ ಎಲ್ಲಿ ಕಾರ್ಡ್ ಬಳಸಿದೆ" ಎಂದಷ್ಟೇ ಯೋಚಿಸಿದರೆ ಸಾಲದು, ಹಿಂದಿನ ಎರಡು ಮೂರು ತಿಂಗಳು ನೆನಪಿಸಿಕೊಳ್ಳಬೇಕು.

ಈಗ ಎಲ್ಲ ಕಾರ್ಡಿಗೂ ಚಿಪ್ ಇದೆಯಲ್ಲ, ಇನ್ನೂ ಭಯವೇ?

ಭಯ ಬಹಳ ಕಡಿಮೆಯಾಗಿದೆ. ಕಾಂತಪಟ್ಟಿ ಪ್ರತಿ ಸಲವೂ ಅದೇ ಮಾತನ್ನು ಒಪ್ಪಿಸುತ್ತದೆ. ಚಿಪ್ ಹಾಗಲ್ಲ, ಪ್ರತಿ ವ್ಯವಹಾರಕ್ಕೂ ಹೊಸದೊಂದು ಸಂಕೇತವನ್ನು ಲೆಕ್ಕಹಾಕಿ ಕೊಡುತ್ತದೆ. ಒಮ್ಮೆ ಕದ್ದು ಕೇಳಿಸಿಕೊಂಡದ್ದು ಇನ್ನೊಮ್ಮೆ ಉಪಯೋಗಕ್ಕೆ ಬರುವುದಿಲ್ಲ. ಬರಿಯ ಕಾಂತಪಟ್ಟಿಯ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಿಸಿಕೊಡಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಇದಕ್ಕಾಗಿ.

ಆದರೆ ಚಿಪ್ ಇರುವ ಕಾರ್ಡುಗಳ ಹಿಂದೆ ಕಪ್ಪು ಪಟ್ಟಿ ಇನ್ನೂ ಉಳಿದಿದೆ. ಅದನ್ನೇ ಒಪ್ಪಿಕೊಳ್ಳುವ ಯಂತ್ರಗಳು ಹೊರದೇಶಗಳಲ್ಲಿವೆ. ಅದಕ್ಕೇ ವಿದೇಶದ ಬಳಕೆಯನ್ನು ಬಂದ್ ಮಾಡಿ ಇಡುವುದು ಒಳ್ಳೆಯದು. ರಿಸರ್ವ್ ಬ್ಯಾಂಕಿನ 2020ರ ಜನವರಿ 15ರ ಸುತ್ತೋಲೆಯ ಪ್ರಕಾರ ಹೊಸ ಕಾರ್ಡುಗಳನ್ನು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಿಗಷ್ಟೇ ತೆರೆದು ಕೊಡಬೇಕು. ಆನ್‌ಲೈನ್, ವಿದೇಶ, ತಾಗಿಸಿ ಪಾವತಿಸುವ ಸೌಲಭ್ಯ ಇವೆಲ್ಲ ಗ್ರಾಹಕರು ಕೇಳಿದರೆ ಮಾತ್ರ. ಮೊಬೈಲ್ ಆ್ಯಪ್‌ನಲ್ಲಿ, ನೆಟ್‌ಬ್ಯಾಂಕಿಂಗ್‌ನಲ್ಲಿ ಅಥವಾ ಎಟಿಎಂನಲ್ಲೇ ಇವುಗಳನ್ನು ಆನ್, ಆಫ್ ಮಾಡಬಹುದು, ದಿನದ ಮಿತಿಯನ್ನೂ ಇಳಿಸಬಹುದು. ನಿಮ್ಮ ತಾಯಿ ತಿಂಗಳಿಗೆ ಐದು ಸಾವಿರಕ್ಕಿಂತ ಹೆಚ್ಚು ತೆಗೆಯುವುದಿಲ್ಲವೆಂದಾದರೆ ದಿನದ ಮಿತಿಯನ್ನು ಅಷ್ಟಕ್ಕೇ ಇಳಿಸಿ. ಎರಡು ನಿಮಿಷದ ಕೆಲಸ.

ಯಂತ್ರದ ಮುಂದೆ ನಿಂತಾಗ ಏನು ನೋಡಬೇಕು?

ಕಾರ್ಡ್ ತೂರಿಸುವ ಬಾಯಿಯನ್ನು ಬೆರಳಿನಿಂದ ಸ್ವಲ್ಪ ಅಲ್ಲಾಡಿಸಿ ನೋಡಿ. ಗಟ್ಟಿಯಾಗಿ ಕೂತಿರಬೇಕು. ಕೀಲಿಮಣೆ ದಪ್ಪವಾಗಿ, ಉಬ್ಬಿದಂತೆ, ಅಂಚಿನಲ್ಲಿ ಅಂಟು ಕಾಣುವಂತೆ ಇದ್ದರೆ ಬೇರೆ ಯಂತ್ರಕ್ಕೆ ಹೋಗಿ. ಕೆಲವು ಸ್ಕಿಮ್ಮರ್‌ಗಳು ಬಾಯಿಯ ಒಳಗೇ ಕೂತಿರುತ್ತವೆ, ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಒಂದೇ ಒಂದು ಅಭ್ಯಾಸ ಆರಿಸಿಕೊಳ್ಳಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದು: ಪಿನ್ ಒತ್ತುವಾಗ ಇನ್ನೊಂದು ಅಂಗೈಯನ್ನು ಛತ್ರಿಯಂತೆ ಮೇಲೆ ಹಿಡಿಯಿರಿ. ಗುಡಿಯಲ್ಲಿ ದೀಪಕ್ಕೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಹಿಂದೆ ನಿಂತವರು ಬೇಸರ ಮಾಡಿಕೊಳ್ಳುತ್ತಾರೆ ಎಂದು ಸಂಕೋಚ ಬೇಡ. ಬ್ಯಾಂಕ್ ಶಾಖೆಗೆ ಅಂಟಿಕೊಂಡೇ ಇರುವ ಯಂತ್ರಕ್ಕೆ, ಶಾಖೆ ತೆರೆದಿರುವ ಹೊತ್ತಿನಲ್ಲಿ ಹೋಗುವುದಾದರೆ ಮತ್ತೂ ಒಳ್ಳೆಯದು.

ಯಾರೋ ಒಬ್ಬರು ಸಹಾಯ ಮಾಡಿದರು. ಮನೆಗೆ ಬಂದು ನೋಡಿದರೆ ಕೈಯಲ್ಲಿರುವ ಕಾರ್ಡ್ ನಮ್ಮದಲ್ಲ!

ನನ್ನ ಕೌಂಟರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದ ದೂರು ಇದು. ಇದಕ್ಕೆ ಯಾವ ಯಂತ್ರಜ್ಞಾನವೂ ಬೇಡ. ಹಸನ್ಮುಖದ ಒಬ್ಬ ಯುವಕ, ಜೇಬಿನಲ್ಲಿ ಬೇರೆ ಬೇರೆ ಬ್ಯಾಂಕುಗಳ ನಾಲ್ಕಾರು ಹಳೆಯ ಕಾರ್ಡು. ಹಿರಿಯರೊಬ್ಬರು ಪರದೆಯ ಮುಂದೆ ತಡವರಿಸುತ್ತಿರುವುದನ್ನು ಕಂಡು "ಕೊಡಿ ಅಜ್ಜಾ" ಎನ್ನುತ್ತಾನೆ. ಪಿನ್ ಒತ್ತುವುದನ್ನು ನೋಡಿಕೊಳ್ಳುತ್ತಾನೆ, ಹಣವನ್ನೂ ತೆಗೆದುಕೊಡುತ್ತಾನೆ. ಹಿಂದಿರುಗಿಸುವಾಗ ಅದೇ ಬಣ್ಣದ ಇನ್ನೊಂದು ಕಾರ್ಡನ್ನು ಕೊಡುತ್ತಾನೆ. ಅಜ್ಜ ಅವನಿಗೆ ಒಳ್ಳೆಯದಾಗಲಿ ಎಂದು ಹರಸಿ ಮನೆಗೆ ಹೋಗುತ್ತಾರೆ. ಮೊಬೈಲ್ ಮಗನ ಬಳಿ ಇರುತ್ತದೆ ಅಥವಾ ಸಂದೇಶ ಇಂಗ್ಲಿಷಿನಲ್ಲಿರುತ್ತದೆ. ಮುಂದಿನ ತಿಂಗಳು ಪಿಂಚಣಿ ತೆಗೆಯಲು ಬಂದಾಗಲೇ ವಿಷಯ ಹೊರಬೀಳುವುದು.

ಕಾರ್ಡ್ ಕೈಗೆ ಬಂದ ಕೂಡಲೇ ಅದರ ಮೇಲಿನ ಹೆಸರು ಓದಬೇಕು. ಓದು ಬಾರದವರು ಕಾರ್ಡಿನ ಮೂಲೆಗೆ ಕುಂಕುಮದ ಬಣ್ಣದ ಪುಟ್ಟ ಸ್ಟಿಕ್ಕರ್ ಒಂದನ್ನು ಅಂಟಿಸಿಕೊಳ್ಳಿ, ಚಿಪ್ ಮತ್ತು ಕಪ್ಪು ಪಟ್ಟಿಗೆ ತಾಗದಂತೆ, ಯಂತ್ರದೊಳಗೆ ಕಿತ್ತುಬಾರದಷ್ಟು ತೆಳುವಾಗಿ. ಇಲ್ಲವೇ ಖಾಯಂ ಮಾರ್ಕರ್‌ನಲ್ಲಿ ಒಂದು ಗುರುತು ಹಾಕಿಕೊಂಡರೂ ಸಾಕು. ನಮ್ಮ ಬೀದಿಯ ಹೆಂಗಸರಿಗೆ ಈ ಉಪಾಯ ಹೇಳಿಕೊಟ್ಟಿದ್ದೇನೆ. ತಮ್ಮ ಪಾತ್ರೆಗೆ ಹೆಸರು ಕೊರೆಸಿಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಹಾಗಾದರೆ ಯಂತ್ರ ಬಳಸಲು ಬಾರದವರು ಯಾರನ್ನು ಕೇಳಬೇಕು?

ಶಾಖೆಯ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತ ಸಿಬ್ಬಂದಿಯನ್ನು ಕೇಳಬೇಕು. ಅದು ನಿಮ್ಮ ಹಕ್ಕು. "ಎಟಿಎಂಗೆ ಹೋಗಿ" ಎಂದು ಒರಟಾಗಿ ಹೊರಗೆ ಕಳುಹಿಸುವ ಪದ್ಧತಿಯೇ ಎಷ್ಟೋ ಹಿರಿಯರನ್ನು ಅಪರಿಚಿತರ ಕೈಗೆ ಒಪ್ಪಿಸಿದೆ ಎಂದು ನಾನು ನೋವಿನಿಂದ ಹೇಳುತ್ತೇನೆ. ಪಾಸ್‌ಬುಕ್ ಹಿಡಿದು ಕೌಂಟರಿನಲ್ಲಿ ಹಣ ತೆಗೆಯುವುದು ಹಿಂದುಳಿದವರ ಲಕ್ಷಣವಲ್ಲ. ಎಟಿಎಂ ಕಲಿಯಬೇಕೆನ್ನುವವರು ಮೊದಲ ಪರದೆಯಲ್ಲೇ ಕನ್ನಡವನ್ನು ಆರಿಸಿಕೊಳ್ಳಿ, ನಮ್ಮ ರಾಜ್ಯದ ಬಹುತೇಕ ಯಂತ್ರಗಳಲ್ಲಿ ಅದು ಇದೆ. ಕಣ್ಣು ಕಾಣದವರಿಗಾಗಿ ಬ್ರೈಲ್ ಕೀಲಿಗಳಿರುವ, ಇಯರ್‌ಫೋನ್ ಚುಚ್ಚಿದರೆ ದಾರಿ ಹೇಳುವ ಮಾತನಾಡುವ ಎಟಿಎಂಗಳಿವೆ. ನಿಮ್ಮ ಊರಿನಲ್ಲಿ ಯಾವುದು ಎಂದು ಶಾಖೆಯಲ್ಲಿ ಕೇಳಿ.

ಗಂಡನಿಗೋ ಮಗಳಿಗೋ ಕಾರ್ಡ್ ಕೊಟ್ಟು ಕಳುಹಿಸಬಹುದೇ? ಮನೆಯವರೇ ಅಲ್ಲವೇ?

ಮನೆಯ ನಂಬಿಕೆ ಬೇರೆ, ಬ್ಯಾಂಕಿನ ಕರಾರು ಬೇರೆ. ಕಾರ್ಡನ್ನು ಬೇರೆಯವರಿಗೆ ಕೊಡುವಂತಿಲ್ಲ ಎಂದು ನೀವು ಸಹಿ ಹಾಕಿರುವ ಷರತ್ತಿನಲ್ಲೇ ಇರುತ್ತದೆ. ಬೆಂಗಳೂರಿನ ಒಬ್ಬ ಮಹಿಳೆ ಹೆರಿಗೆ ರಜೆಯಲ್ಲಿದ್ದಾಗ, 2013ರಲ್ಲಿ, ಗಂಡನಿಗೆ ಕಾರ್ಡ್ ಮತ್ತು ಪಿನ್ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದರು. ಚೀಟಿ ಬಂತು, ನೋಟು ಬರಲಿಲ್ಲ. ವರ್ಷಗಟ್ಟಲೆ ಓಡಾಡಿದ ಮೇಲೆ 2018ರಲ್ಲಿ ಗ್ರಾಹಕರ ವೇದಿಕೆ ಅವರ ದೂರನ್ನು ತಳ್ಳಿಹಾಕಿತು. ಪಿನ್ ಅನ್ನು ಇನ್ನೊಬ್ಬರಿಗೆ ಕೊಟ್ಟದ್ದೇ ಕಾರಣ. ಗಂಡನ ಕೈಯಲ್ಲಿ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕಳುಹಿಸಬೇಕಿತ್ತು ಎಂಬುದು ವಾದ.

ಬಾಣಂತಿಯ ಪಾಲಿಗೆ ಇದು ಕಠಿಣ ತೀರ್ಪು ಎಂದು ನನಗೆ ಇಂದಿಗೂ ಅನಿಸುತ್ತದೆ. ಆದರೂ ಗೊತ್ತಿರಲಿ. ಹಾಸಿಗೆ ಹಿಡಿದವರಿದ್ದರೆ ಖಾತೆಯನ್ನು ಜಂಟಿ ಮಾಡಿಸಿ, ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಪಡೆಯಿರಿ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿಗೆ ನಗದು ತಲುಪಿಸುವ ಸೇವೆಯನ್ನೂ ಅನೇಕ ಬ್ಯಾಂಕುಗಳು ಕೊಡುತ್ತವೆ, ವಿಚಾರಿಸಿ.

ಕಾರ್ಡ್ ಯಂತ್ರದಲ್ಲಿ ಸಿಕ್ಕಿಕೊಂಡಿತು. ಗೋಡೆಯ ಮೇಲೆ ಸಹಾಯವಾಣಿಯ ನಂಬರ್ ಇತ್ತು. ಫೋನ್ ಮಾಡಬಹುದೇ?

ಬೇಡ. ಬಾಯಿಗೆ ಅಂಟು ಹಚ್ಚಿ ಕಾರ್ಡ್ ಸಿಕ್ಕಿಹಾಕಿಕೊಳ್ಳುವಂತೆ ಮಾಡಿ, ಪಕ್ಕದಲ್ಲಿ ತಮ್ಮದೇ ನಂಬರಿನ ಚೀಟಿ ಅಂಟಿಸಿ ಕಾಯುವವರಿದ್ದಾರೆ. ಫೋನ್ ಮಾಡಿದರೆ "ಪಿನ್ ಒತ್ತಿ ನೋಡಿ, ಆಗದಿದ್ದರೆ ನಾಳೆ ಶಾಖೆಗೆ ಬನ್ನಿ" ಎನ್ನುತ್ತಾರೆ. ನೀವು ಹೊರಟ ಮೇಲೆ ಕಾರ್ಡನ್ನು ಕಿತ್ತು ತೆಗೆಯುತ್ತಾರೆ. ಕೀಲಿಗಳಿಗೆ ಅಂಟು ಹಾಕಿ, ನೀವು ಬೇಸತ್ತು ಹೊರಟ ಮೇಲೆ ಅರ್ಧಕ್ಕೆ ನಿಂತ ವ್ಯವಹಾರವನ್ನು ಮುಗಿಸುವವರೂ ಇದ್ದಾರೆ. ನಿಮ್ಮ ಬ್ಯಾಂಕಿನ ಸಹಾಯವಾಣಿ ಸಂಖ್ಯೆ ನಿಮ್ಮ ಕಾರ್ಡಿನ ಹಿಂಬದಿಯಲ್ಲಿರುತ್ತದೆ, ಆದರೆ ಆ ಹೊತ್ತಿನಲ್ಲಿ ಕಾರ್ಡೇ ನಿಮ್ಮ ಕೈಯಲ್ಲಿರುವುದಿಲ್ಲ! ಅದಕ್ಕೇ ಆ ಸಂಖ್ಯೆಯನ್ನು ಇವತ್ತೇ ಮೊಬೈಲಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಮೊದಲ ನಂಬರಿಗೂ ಕರೆ ಮಾಡಬೇಡಿ, ಅಲ್ಲಿಯೂ ಹುಸಿ ನಂಬರುಗಳು ಸೇರಿಕೊಂಡಿವೆ. ಬ್ಯಾಂಕುಗಳ ಅಸಲಿ ಜಾಲತಾಣಗಳ ವಿಳಾಸ ಈಗ "ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗಬೇಕೆಂಬುದು ರಿಸರ್ವ್ ಬ್ಯಾಂಕಿನ ಆದೇಶ.

ಕ್ಯಾನ್ಸಲ್ ಗುಂಡಿಯನ್ನು ಎರಡು ಸಲ ಒತ್ತಿದರೆ ಪಿನ್ ಕದಿಯಲಾಗದಂತೆ, ಪಿನ್ ಹಿಂದುಮುಂದಾಗಿ ಒತ್ತಿದರೆ ಪೊಲೀಸರು ಬರುತ್ತಾರಂತೆ, ನಿಜವೇ?

ಎರಡೂ ಸುಳ್ಳು. ವಾಟ್ಸ್ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿವೆ. ಆಪತ್ತಿನಲ್ಲಿರುವ ಒಬ್ಬ ಹೆಣ್ಣುಮಗಳು ಎರಡನೆಯದನ್ನು ನಂಬಿ ಪಿನ್ ಹಿಂದುಮುಂದು ಒತ್ತುತ್ತಾ ನಿಂತರೆ ಏನಾದೀತು ಎಂದು ಯೋಚಿಸಿ, ದಯವಿಟ್ಟು ಅದನ್ನು ಮುಂದಕ್ಕೆ ಕಳುಹಿಸಬೇಡಿ.

ಚೀಟಿಯನ್ನು ಅಲ್ಲಿಯೇ ಬಿಸಾಡಬಹುದೇ?

ಕಾರ್ಡಿನ ಪೂರ್ತಿ ಸಂಖ್ಯೆ ಅದರಲ್ಲಿ ಅಚ್ಚಾಗುವುದಿಲ್ಲ. ಆದರೆ ಬಾಕಿ ಎಷ್ಟಿದೆ ಎಂಬುದು ಇರುತ್ತದೆ. ಹರಿದು ಹಾಕಿ, ಅಥವಾ ಚೀಟಿಯೇ ಬೇಡ ಎಂದು ಒತ್ತಿ. ಹಣ ಬಾರದೆ ಚೀಟಿ ಮಾತ್ರ ಬಂದಿದ್ದರೆ ಜೋಪಾನ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.

ನಾನು ಎಷ್ಟೇ ಎಚ್ಚರವಾಗಿದ್ದರೂ ಬ್ಯಾಂಕಿನ ಕಡೆಯಿಂದಲೇ ಸೋರಿದರೆ?

ಇದು ಕೇಳಲೇಬೇಕಾದ ಪ್ರಶ್ನೆ. ಎಚ್ಚರಿಕೆಯ ಮಾತೆಲ್ಲ ಗ್ರಾಹಕರಿಗೇ ಏಕೆ ಎಂದು ಯಾರಾದರೂ ಸಿಟ್ಟಾದರೆ ನಾನು ಅವರ ಪರ.

2016ರ ಅಕ್ಟೋಬರ್‌ನಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಅಪಾಯದಲ್ಲಿದೆ ಎಂಬುದು ಬಯಲಾಯಿತು. ಎಸ್‌ಬಿಐ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ಬ್ಲಾಕ್ ಮಾಡಿ ಹೊಸದು ಕೊಟ್ಟಿತು. ಆ ಜನ ಯಾರಿಗೂ ಪಿನ್ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಎಟಿಎಂಗಳನ್ನು ನಿರ್ವಹಿಸುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವಿಸಸ್‌ನ ವ್ಯವಸ್ಥೆಗೆ ಕುತಂತ್ರಾಂಶ ನುಗ್ಗಿತ್ತು ಎಂದು ಆ ಕಂಪನಿ 2017ರ ಫೆಬ್ರುವರಿಯಲ್ಲಿ ಒಪ್ಪಿಕೊಂಡಿತು. ಸೋರಿಕೆ ನಡೆದದ್ದು 2016ರ ಮೇ ಮತ್ತು ಜುಲೈ ನಡುವೆ. ಅಂದರೆ ಜನರ ಕಿವಿಗೆ ಬೀಳುವಷ್ಟರಲ್ಲಿ ತಿಂಗಳುಗಳೇ ಉರುಳಿದ್ದವು. ಮಾಹಿತಿ ಕಳೆದದ್ದಕ್ಕಿಂತ ಆ ಮೌನವೇ ನನಗೆ ದೊಡ್ಡ ಅಪರಾಧವಾಗಿ ಕಾಣುತ್ತದೆ.

ಎರಡು ವರ್ಷದ ನಂತರ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕ್. 2018ರ ಆಗಸ್ಟ್ 11, ಶನಿವಾರ. ದಾಳಿಕೋರರು ಎಟಿಎಂ ಕೋರಿಕೆಗಳನ್ನು ಬ್ಯಾಂಕಿಗೆ ಸಾಗಿಸುವ ಸ್ವಿಚ್ಚನ್ನೇ ಬದಿಗೊತ್ತಿ, ಬಂದ ಕೋರಿಕೆಗೆಲ್ಲ "ಸರಿ, ಕೊಡು" ಎನ್ನುವ ಹುಸಿ ಸ್ವಿಚ್ ಒಂದನ್ನು ನಡುವೆ ನಿಲ್ಲಿಸಿದರು. ನಕಲಿ ಕಾರ್ಡುಗಳನ್ನು ಹಿಡಿದು 28 ದೇಶಗಳ ಎಟಿಎಂಗಳ ಮುಂದೆ ಕಾದಿದ್ದವರು ಕೆಲವೇ ಗಂಟೆಗಳಲ್ಲಿ ಸುಮಾರು 78 ಕೋಟಿ ರೂಪಾಯಿ ಎತ್ತಿಕೊಂಡರು. ದೇಶದೊಳಗೆ ರೂಪೇ ಕಾರ್ಡುಗಳಿಂದ ಎರಡೂವರೆ ಕೋಟಿ ಹೋಯಿತು. 13ರಂದು ಹಾಂಗ್‌ಕಾಂಗ್‌ನ ಖಾತೆಯೊಂದಕ್ಕೆ ಸುಮಾರು 14 ಕೋಟಿ. ಒಟ್ಟು 94 ಕೋಟಿ. ಅಲ್ಲಿ ಹೋದದ್ದು ಗ್ರಾಹಕರ ಖಾತೆಯ ಹಣವಲ್ಲ, ಬ್ಯಾಂಕಿನದು. ಆದರೂ ಅದರ ಗ್ರಾಹಕರು ಎಟಿಎಂ, ಆನ್‌ಲೈನ್ ಸೇವೆ ಇಲ್ಲದೆ ದಿನಗಟ್ಟಲೆ ಪರದಾಡಿದರು.

ನಮ್ಮ ಕಾರ್ಡ್ ಒಂದು ಯಂತ್ರಕ್ಕೆ ಹೋದಾಗ ಅದು ಒಬ್ಬರ ಕೈಗೆ ಹೋಗುವುದಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕ್ ಒಂದು, ಯಂತ್ರದ ಬ್ಯಾಂಕ್ ಇನ್ನೊಂದು, ಹಣ ತುಂಬುವ ಏಜೆನ್ಸಿ, ರಿಪೇರಿಯವರು, ಸ್ವಿಚ್ ನಡೆಸುವ ಕಂಪನಿ. ಸಣ್ಣ ಸಹಕಾರಿ ಬ್ಯಾಂಕುಗಳು ಸ್ವಿಚ್ಚನ್ನು ಹೊರಗಿನವರಿಗೆ ವಹಿಸುವುದೇ ಹೆಚ್ಚು. ಅಂಥ ಹೊರಗಿನವರಿಗೂ ಭದ್ರತಾ ನಿಯಮಗಳನ್ನು ರಿಸರ್ವ್ ಬ್ಯಾಂಕ್ ಹಾಕಿದ್ದು 2019ರ ಡಿಸೆಂಬರ್ 31ರಂದು.

ಬ್ಯಾಂಕ್ ತನ್ನ ಕಡೆಯಿಂದ ಏನೇನು ಮಾಡಿರಲೇಬೇಕು?

ಎಟಿಎಂ ಎಂದರೆ ತಿಜೋರಿಗೆ ಜೋಡಿಸಿದ ಕಂಪ್ಯೂಟರ್. ಮೈಕ್ರೊಸಾಫ್ಟ್ ಕಂಪನಿ ತನ್ನ ಹಳೆಯ ಆಪರೇಟಿಂಗ್ ಸಿಸ್ಟಮ್ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ನಾಲ್ಕು ವರ್ಷ ಕಳೆದರೂ ನಮ್ಮ ಎಷ್ಟೋ ಎಟಿಎಂಗಳು ಅದರಲ್ಲೇ ಓಡುತ್ತಿದ್ದವು. ಕೊನೆಗೆ 2018ರ ಜೂನ್ 21ರಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತು: ಯುಎಸ್‌ಬಿ ಕಿಂಡಿಗಳನ್ನು ಮುಚ್ಚಬೇಕು, ಸ್ಕಿಮ್ಮಿಂಗ್ ತಡೆಯುವ ಸಾಧನವನ್ನು ಮತ್ತು ಒಪ್ಪಿಗೆ ಪಡೆದ ತಂತ್ರಾಂಶವಷ್ಟೇ ಓಡುವ ಏರ್ಪಾಟನ್ನು 2019ರ ಮಾರ್ಚ್‌ನೊಳಗೆ ಹಾಕಬೇಕು, 2019ರ ಜೂನ್‌ನೊಳಗೆ ಹಳೆಯ ಆಪರೇಟಿಂಗ್ ಸಿಸ್ಟಮ್‌ಗಳನ್ನು ಪೂರ್ತಿ ಬದಲಿಸಬೇಕು. ಸಿಸಿ ಕ್ಯಾಮೆರಾ ಬಳಕೆದಾರರ ಮುಖದ ಕಡೆ ಇರಬೇಕೇ ಹೊರತು ಕೀಲಿಮಣೆಯನ್ನು ನೋಡುತ್ತಿರಬಾರದು.

2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಒಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ನಡೆದ ಹಲ್ಲೆಯನ್ನು ಈ ನಗರ ಮರೆತಿಲ್ಲ. ಆಗ ಕಾವಲುಗಾರರಿಲ್ಲದ ಎಟಿಎಂಗಳನ್ನು ಪೊಲೀಸರು ಮುಚ್ಚಿಸಿದರು. ಕಾವಲುಗಾರನಿರುವುದು ಜೀವರಕ್ಷಣೆಗಷ್ಟೇ ಅಲ್ಲ, ಸ್ಕಿಮ್ಮರ್ ಅಂಟಿಸಲು ಬೇಕಾಗುವ ಕೆಲವು ನಿಮಿಷಗಳ ಏಕಾಂತವೂ ಆಗ ಕಳ್ಳನಿಗೆ ಸಿಗುವುದಿಲ್ಲ. ಖರ್ಚು ಉಳಿಸಲು ಕಾವಲು ತೆಗೆದ ಬ್ಯಾಂಕುಗಳು ಇದನ್ನು ಯೋಚಿಸಬೇಕಿತ್ತು.

ಹಣ ಹೋದ ಸಂದೇಶ ಈಗಷ್ಟೇ ಬಂತು. ಮೊದಲು ಏನು ಮಾಡಲಿ?

ಕಾರ್ಡ್ ಬ್ಲಾಕ್ ಮಾಡಿಸಿ: ಆ್ಯಪ್‌ನಲ್ಲಿ, ಸಹಾಯವಾಣಿಯಲ್ಲಿ, ಯಾವುದು ಬೇಗ ಆಗುತ್ತದೋ ಅದರಲ್ಲಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಕೂಡಲೇ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ, ಹಣ ಇನ್ನೂ ಯಾವುದೋ ಖಾತೆಯಲ್ಲಿ ಕೂತಿದ್ದರೆ ಅಲ್ಲೇ ತಡೆಹಿಡಿಯಲು ಸಾಧ್ಯವಾಗಬಹುದು. ಕಾರ್ಡ್ ನಿಮ್ಮ ಬಳಿಯೇ ಇದ್ದರೆ ಹತ್ತಿರದ ಎಟಿಎಂಗೆ ಹೋಗಿ ಬಾಕಿ ವಿಚಾರಿಸಿ ಚೀಟಿ ತೆಗೆದಿಟ್ಟುಕೊಳ್ಳಿ. ಬ್ಲಾಕ್ ಆದ ಕಾರ್ಡಿಗೆ ಬಾಕಿ ತೋರಿಸದಿದ್ದರೂ, ದೂರದ ಊರಿನಲ್ಲಿ ಹಣ ಹೋದ ಹೊತ್ತಿಗೆ ಅಸಲಿ ಕಾರ್ಡ್ ನಿಮ್ಮ ಊರಿನಲ್ಲೇ, ಕ್ಯಾಮೆರಾದ ಎದುರಿಗೇ ಇತ್ತು ಎಂದು ತೋರಿಸಲು ಆ ಓಡಾಟ ಉಪಯೋಗಕ್ಕೆ ಬರುತ್ತದೆ. ನಂತರ ಶಾಖೆಗೆ ಲಿಖಿತ ದೂರು. ಅದರಲ್ಲಿ ಹಣ ತೆಗೆದ ಯಂತ್ರದ ಸಿಸಿ ಕ್ಯಾಮೆರಾ ದೃಶ್ಯವನ್ನು ಕಾದಿರಿಸಬೇಕೆಂದು ಸ್ಪಷ್ಟವಾಗಿ ಕೇಳಿ. ತಡಮಾಡಿದರೆ ಅದರ ಮೇಲೆ ಬೇರೆ ದೃಶ್ಯಗಳು ದಾಖಲಾಗಿ ಅಳಿಸಿಹೋಗುತ್ತವೆ.

ಮನೆಯವರಿಗೆ ಸಂಜೆ ಹೇಳಿದರೆ ಸಾಕು. ಮೊದಲು ಬ್ಯಾಂಕಿಗೆ ಹೇಳಿ.

ಮೂರು ದಿನ ಎಂಬ ನಿಯಮ ಏನು?

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗ್ರಾಹಕರ ಹೊಣೆಗೆ ಮಿತಿ ಹಾಕಿದೆ. ಬ್ಯಾಂಕಿನ ಲೋಪದಿಂದ ಹಣ ಹೋಗಿದ್ದರೆ, ನೀವು ಯಾವಾಗ ದೂರು ಕೊಟ್ಟರೂ ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ಹೊರಗಿನವರದು (ಸ್ಕಿಮ್ಮಿಂಗ್ ಸಾಮಾನ್ಯವಾಗಿ ಇಲ್ಲಿ ಬರುತ್ತದೆ) ಎಂದಾದರೆ, ಬ್ಯಾಂಕಿನ ಸಂದೇಶ ನಿಮಗೆ ತಲುಪಿದ ದಿನ ಬಿಟ್ಟು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ನಷ್ಟದಲ್ಲಿ ಒಂದು ಪಾಲು ನಿಮ್ಮದು: ಕನಿಷ್ಠ ಬಾಕಿ ಬೇಡದ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000, ದೊಡ್ಡ ಚಾಲ್ತಿ ಖಾತೆಗಳಿಗೆ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಳಿದಂತೆ.

ನೀವೇ ಪಿನ್ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದು. ದೂರು ಕೊಟ್ಟ ಕ್ಷಣದಿಂದ ಮುಂದೆ ಹೋಗುವುದೆಲ್ಲ ಬ್ಯಾಂಕಿನದು. ಆದ್ದರಿಂದ ಮೋಸಹೋಗಿ ಪಿನ್ ಹೇಳಿಬಿಟ್ಟವರೂ ಓಡಿಹೋಗಿ ತಿಳಿಸಬೇಕು. ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ತೋರಿಸಬೇಕು, 90 ದಿನಗಳೊಳಗೆ ತೀರ್ಮಾನ ಹೇಳಬೇಕು.

ಮೊಬೈಲ್ ಸಂಖ್ಯೆ ಬದಲಿಸಿದವರು ಅದನ್ನು ಖಾತೆಯಲ್ಲಿಯೂ ಬದಲಿಸಿ. ಈ ಗಡಿಯಾರ ಓಡುವುದೇ ಆ ಸಂದೇಶದಿಂದ.

"ಪಿನ್ ಹಾಕಿಯೇ ತೆಗೆದಿದ್ದಾರೆ, ಹಾಗಾಗಿ ನಿಮ್ಮದೇ ತಪ್ಪು" ಎನ್ನುತ್ತಾರೆ ಬ್ಯಾಂಕಿನವರು.

ಅಷ್ಟು ಹೇಳಿದರೆ ಸಾಲದು. ಗ್ರಾಹಕರ ತಪ್ಪು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದು ಅದೇ ಸುತ್ತೋಲೆ ಹೇಳುತ್ತದೆ. ಯಾವ ಯಂತ್ರ, ಯಾವ ಹೊತ್ತು, ಚಿಪ್ ಓದಿಯೋ ಕಾಂತಪಟ್ಟಿ ಓದಿಯೋ ಎಂದು ಲಿಖಿತವಾಗಿ ಕೇಳಿ. ನಿಮ್ಮ ಕಾರ್ಡಿಗೆ ಚಿಪ್ ಇದ್ದೂ ವ್ಯವಹಾರ ಪಟ್ಟಿಯಿಂದ ನಡೆದಿದ್ದರೆ ಅದು ನಕಲಿ ಕಾರ್ಡಿನ ಬಲವಾದ ಸುಳಿವು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಬೇರೆ ಬ್ಯಾಂಕಿನ ಅಥವಾ ಖಾಸಗಿ ಕಂಪನಿಯ ಎಟಿಎಂ ಆಗಿದ್ದರೂ ದೂರು ಕೊಡಬೇಕಾದದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೇ.

ಖಾತೆಯಿಂದ ಕಡಿತವಾಯಿತು, ನೋಟು ಬರಲಿಲ್ಲ. ಇದೂ ಕಳ್ಳತನವೇ?

ಬಹುತೇಕ ತಾಂತ್ರಿಕ ದೋಷ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ನಿಯಮದಂತೆ ಐದು ದಿನಗಳೊಳಗೆ ತಾನಾಗಿ ಜಮೆಯಾಗಬೇಕು. ಆಮೇಲೆ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನೋಟು ಹೊರಬರುವ ಕಿಂಡಿಗೆ ಏನಾದರೂ ಅಡ್ಡ ಅಂಟಿಸಿದ್ದಾರೆಯೇ ಎಂದು ಮಾತ್ರ ಹೊರಡುವ ಮೊದಲು ನೋಡಿ.

ಕಾರ್ಡ್ ಇಲ್ಲದೆ ಯುಪಿಐನಲ್ಲಿ ಹಣ ತೆಗೆಯುವುದು ಹೆಚ್ಚು ಸುರಕ್ಷಿತವೇ?

ಸ್ಕಿಮ್ಮಿಂಗ್ ಮಟ್ಟಿಗೆ ಹೌದು. 2022ರ ಮೇ 19ರಂದು ರಿಸರ್ವ್ ಬ್ಯಾಂಕ್ ಇದನ್ನು ಎಲ್ಲ ಬ್ಯಾಂಕುಗಳಿಗೂ ವಿಸ್ತರಿಸಲು ಹೇಳಿತು. ಪರದೆಯಲ್ಲಿ ಬರುವ ಕ್ಯೂಆರ್ ಸಂಕೇತವನ್ನು ನಿಮ್ಮ ಮೊಬೈಲಿನಿಂದ ಸ್ಕ್ಯಾನ್ ಮಾಡಿ, ಪಿನ್ ಅನ್ನು ನಿಮ್ಮ ಮೊಬೈಲಿನಲ್ಲೇ ಒತ್ತುತ್ತೀರಿ. ನಕಲು ಮಾಡಲು ಕಾರ್ಡೇ ಇಲ್ಲ. ಯಂತ್ರದ ಪರದೆಯ ಮೇಲೆ ಬಂದ ಸಂಕೇತವನ್ನೇ ಸ್ಕ್ಯಾನ್ ಮಾಡಿ, ಗೋಡೆಗೆ ಅಂಟಿಸಿದ್ದನ್ನಲ್ಲ. ಎಸ್‌ಬಿಐ ಕಾರ್ಡ್ ಇರುವವರು ಅದೇ ಬ್ಯಾಂಕಿನ ಯಂತ್ರದಲ್ಲಿ 10,000 ರೂಪಾಯಿ ಅಥವಾ ಹೆಚ್ಚು ತೆಗೆಯುವಾಗ ಮೊಬೈಲಿಗೆ ಒಟಿಪಿ ಬರುವ ಏರ್ಪಾಟು 2020ರಲ್ಲಿ ಶುರುವಾಯಿತು. ಕಾರ್ಡ್ ಬದಲಿಸುವ ಕಳ್ಳರಿಗೆ ಇದು ಒಳ್ಳೆಯ ತಡೆ. ಎಲ್ಲ ಬ್ಯಾಂಕುಗಳೂ ಇದನ್ನು ತರಲಿ ಎಂದು ನನ್ನ ಆಸೆ.

ಹಳ್ಳಿಯಲ್ಲಿ ಬೆರಳಿಟ್ಟು ಹಣ ಕೊಡುತ್ತಾರಲ್ಲ, ಅಲ್ಲಿ ಕಾರ್ಡೂ ಇಲ್ಲ ಪಿನ್ನೂ ಇಲ್ಲ. ಅದು ಕದಿಯಲಾಗದ್ದೇ?

ಹಾಗೆಂದೇ ಎಲ್ಲರೂ ನಂಬಿದ್ದರು. 2023ರಲ್ಲಿ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ್ದವರ ಖಾತೆಗಳಿಂದ, ಅವರು ಎಲ್ಲಿಯೂ ಬೆರಳಿಡದೆ, ಹಣ ಹೋಗತೊಡಗಿತು. ಒಟಿಪಿ ಇಲ್ಲ, ಕರೆ ಇಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಎತ್ತಿಕೊಂಡು, ಹುಸಿ ಬೆರಳಚ್ಚು ತಯಾರಿಸಿ ಮೈಕ್ರೊ ಎಟಿಎಂಗಳಲ್ಲಿ (ಬೆರಳಚ್ಚು ಓದಿ ಹಣ ಕೊಡಿಸುವ ಪುಟ್ಟ ಯಂತ್ರಗಳು) ಬಳಸಿದ್ದರು ಎಂದು ತನಿಖೆಯಲ್ಲಿ ಹೊರಬಂತು. ಪಿನ್ ಕಳವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಅಥವಾ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಿ. ಪಡಿತರಕ್ಕೆ ಪ್ರತಿ ತಿಂಗಳು ಬೆರಳಿಡಬೇಕಾದವರಿಗೆ ಇದು ಕಿರಿಕಿರಿ ಎಂದು ಬಲ್ಲೆ. ಅಂಥವರು ಮನೆಯಲ್ಲಿ ಮೊಬೈಲ್ ಬಲ್ಲವರಿಂದ ತಿಂಗಳಿಗೊಮ್ಮೆ ತೆರೆಸಿಕೊಳ್ಳಬಹುದು. ಗ್ರಾಮದ ಬ್ಯಾಂಕ್ ಮಿತ್ರರ ಬಳಿ ಬೆರಳಿಟ್ಟಾಗ "ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಇಡಿ" ಎಂದರೆ ಮೊದಲ ಸಲದ ಫಲಿತಾಂಶ ಏನೆಂದು ಪರದೆಯಲ್ಲಿ ತೋರಿಸಲು ಕೇಳಿ, ಚೀಟಿ ಪಡೆಯಿರಿ.

ಮಾಹಿತಿ ಸೋರಿದರೆ ಬ್ಯಾಂಕಿಗೆ ಶಿಕ್ಷೆ ಇದೆಯೇ?

ಪಾವತಿ ವ್ಯವಸ್ಥೆಯ ದತ್ತಾಂಶವನ್ನು ಭಾರತದೊಳಗೇ ಇಡಬೇಕು ಎಂದು 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಹೇಳಿತು. ಅದನ್ನು ಪಾಲಿಸಲಿಲ್ಲವೆಂದು 2021ರಲ್ಲಿ ಮಾಸ್ಟರ್‌ಕಾರ್ಡ್‌ನಂಥ ದೊಡ್ಡ ಕಂಪನಿಯೂ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯಿತು, ಮರುವರ್ಷ ತಡೆ ತೆರವಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಭದ್ರತೆಯ ಏರ್ಪಾಟಿನಲ್ಲಿ ಸೋತು ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ಬಾಧಿತರಿಗೆ ತಿಳಿಸುವ ಕರ್ತವ್ಯವೂ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. 2016ರಂತೆ ತಿಂಗಳುಗಟ್ಟಲೆ ಸುಮ್ಮನಿರುವುದು ಇನ್ನು ಕಾನೂನಿನ ಕಣ್ಣಿನಲ್ಲೂ ತಪ್ಪಾಗುತ್ತದೆ ಎಂಬುದು ನನಗೆ ಸಮಾಧಾನ.

ಅವಧಿ ಮುಗಿದ ಹಳೆಯ ಕಾರ್ಡನ್ನು ಏನು ಮಾಡಲಿ?

ಕತ್ತರಿಯಿಂದ ಚಿಪ್ಪಿನ ನಡುವೆಯೇ ಕತ್ತರಿಸಿ, ಕಪ್ಪು ಪಟ್ಟಿಯನ್ನು ಮೂರು ನಾಲ್ಕು ತುಂಡು ಮಾಡಿ, ಬೇರೆ ಬೇರೆ ದಿನದ ಕಸಕ್ಕೆ ಹಾಕಿ. ಮಕ್ಕಳಿಗೆ ಆಟಕ್ಕೆ ಕೊಡಬೇಡಿ. ಕಾರ್ಡ್ ಬದಲಿಸುವ ಕಳ್ಳರ ಜೇಬಿನಲ್ಲಿರುವುದು ಹೀಗೆ ಎಲ್ಲೋ ಬಿದ್ದು ಸಿಕ್ಕ ಕಾರ್ಡುಗಳೇ.